ನಾಜಿಯಾ ನಮ್ಮ ಹಾಸನದವಳಲ್ಲ

1981ರಲ್ಲಿ ನಮ್ಮ ಬೀದಿಯ ಹುಡುಗರೆಲ್ಲ ಜಗಳವಾಡದೆ ಒಪ್ಪಿಕೊಂಡಿದ್ದ ಸಂಗತಿ ಒಂದೇ ಒಂದು: ನಾಜಿಯಾ ಹಸನ್ ಎಂಬ ಹಾಡುಗಾರ್ತಿ ನಮ್ಮ ಹಾಸನದವಳು. ಪುರಾವೆಯೂ ಇತ್ತು. ಇಂಗ್ಲಿಷಿನಲ್ಲಿ ಅವಳ ಹೆಸರಿನ ಕೊನೆಗಿದ್ದ ಅಕ್ಷರಗಳೂ ನಮ್ಮೂರಿನ ರೈಲ್ವೆ ಸ್ಟೇಷನ್ ಬೋರ್ಡಿನ ಅಕ್ಷರಗಳೂ ಒಂದೇ. ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವ ಅಂಗಡಿಯವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಲೇಬಲ್ಲಿನ ಮೇಲೆ ನೀಲಿ ಇಂಕಿನಲ್ಲಿ 'ನಾಜಿಯಾ, ಹಾಸನ' ಎಂದೇ ಬರೆದುಕೊಟ್ಟಿದ್ದ. ಕಾಗದಕ್ಕೆ ವಿಳಾಸ ಬರೆದ ಹಾಗೆ ನಡುವೆ ಒಂದು ಅಲ್ಪವಿರಾಮ ಬೇರೆ.

ನಮ್ಮೂರಿಗೆ ಟೀವಿ ಇನ್ನೂ ಬಂದಿರಲಿಲ್ಲ. ಅವಳ ಮುಖ ಹೇಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಸಂತೆಪೇಟೆಯಲ್ಲಿ ಅವಳ ಚಿಕ್ಕಪ್ಪನ ಮನೆ ಇದೆ ಎಂದು ಒಬ್ಬ ಹೇಳಿದರೆ, ಇನ್ನೊಬ್ಬ ಆ ಮನೆಯ ಬಾಗಿಲಿನ ಬಣ್ಣವನ್ನೂ ಹೇಳುತ್ತಿದ್ದ.

ನಿಜ ಏನೆಂದರೆ ಅವಳು ಹುಟ್ಟಿದ್ದು ಕರಾಚಿಯಲ್ಲಿ, 1965ರ ಏಪ್ರಿಲ್ 3ರಂದು. ಬೆಳೆದದ್ದು ಅಲ್ಲಿ ಸ್ವಲ್ಪ, ಲಂಡನ್ನಿನಲ್ಲಿ ಸ್ವಲ್ಪ. ಪಾಕಿಸ್ತಾನದ ಟೀವಿಯಲ್ಲಿ ಸಂಗೀತ ನಿರ್ದೇಶಕ ಸೊಹೇಲ್ ರಾಣಾ ಮಕ್ಕಳಿಗಾಗಿ ನಡೆಸುತ್ತಿದ್ದ ಹಾಡಿನ ಕಾರ್ಯಕ್ರಮದಲ್ಲಿ ಹಾಡುತ್ತಿದ್ದ ಹುಡುಗಿ. ಲಂಡನ್ನಿನ ಒಂದು ಸಂತೋಷಕೂಟದಲ್ಲಿ ನಟ, ನಿರ್ದೇಶಕ ಫಿರೋಜ್ ಖಾನ್ ಕಣ್ಣಿಗೆ ಬಿದ್ದಳು. ಅವರು ಅವಳನ್ನು ಸಂಗೀತ ನಿರ್ಮಾಪಕ ಬಿದ್ದು ಅವರ ಬಳಿಗೆ ಕಳಿಸಿದರು. ಬಿದ್ದು ಎಂದರೆ ಎದ್ದು ಬಿದ್ದು ಎನ್ನುವ ಬಿದ್ದು ಅಲ್ಲ, ಬಿದ್ದು ಅಪ್ಪಯ್ಯ. ಕೊಡವರ ಮನೆಯ ಹುಡುಗ, ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲೇ ಗೆಳೆಯರ ಜೊತೆ 'ಟ್ರೋಜನ್ಸ್' ಎಂಬ ಬ್ಯಾಂಡು ಕಟ್ಟಿಕೊಂಡು ಗಿಟಾರ್ ಬಾರಿಸುತ್ತಿದ್ದು, ಆಮೇಲೆ ಇಂಗ್ಲೆಂಡಿಗೆ ಹೋದವರು. 1974ರಲ್ಲಿ ಕಾರ್ಲ್ ಡಗ್ಲಾಸ್ ಹಾಡಿದ 'ಕುಂಗ್ ಫೂ ಫೈಟಿಂಗ್' ಅವರದೇ ನಿರ್ಮಾಣ. ಅದು ಅಮೆರಿಕ, ಇಂಗ್ಲೆಂಡ್ ಎರಡೂ ಕಡೆ ಮೊದಲ ಸ್ಥಾನಕ್ಕೆ ಏರಿತ್ತು. ಇನ್ನು ಫಿರೋಜ್ ಖಾನ್ ಕೂಡ ಬೆಂಗಳೂರಿನಲ್ಲೇ ಹುಟ್ಟಿದವರು. ಹಾಡಿದವಳು ಹಾಸನದವಳಲ್ಲದಿದ್ದರೂ ಹಾಡಿಸಿದ ಇಬ್ಬರೂ ನಮ್ಮ ಕಡೆಯವರೇ. ನಮ್ಮ ಬೀದಿಯ ಹುಡುಗರ ಅಂದಾಜು ಪೂರ್ತಿ ಸುಳ್ಳಲ್ಲ, ನೂರೆಂಬತ್ತು ಕಿಲೋಮೀಟರ್ ಅಷ್ಟೇ ತಪ್ಪಿತ್ತು.

ಹಾಗೆ ಹುಟ್ಟಿದ ಹಾಡು 'ಆಪ್ ಜೈಸಾ ಕೋಯಿ'. 1980ರ 'ಕುರ್ಬಾನಿ' ಚಿತ್ರದ್ದು. ಆಗ ಅವಳಿಗೆ ಹದಿನೈದು. ಆ ಹಾಡು ಕೇಳದೆ ಅವತ್ತು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದು ಕಾಫಿ ಕುಡಿಯುವುದೂ ಸಾಧ್ಯವಿರಲಿಲ್ಲ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದವರು ಮೊದಲು 'ಗಜವದನ'ನನ್ನು ಮುಗಿಸಿ, ಎರಡನೆಯದಕ್ಕೇ ಇದನ್ನು ಎತ್ತಿಕೊಳ್ಳುತ್ತಿದ್ದರು. ಮರುವರ್ಷ ಬಂದದ್ದು 'ಡಿಸ್ಕೋ ದೀವಾನೆ'. ಅವಳ ಮೊದಲ ಆಲ್ಬಂ. ಸಿನಿಮಾ ಇಲ್ಲ, ನಾಯಕಿ ಇಲ್ಲ, ಕಥೆ ಇಲ್ಲ. ಹದಿನಾರರ ನಾಜಿಯಾ, ಅವಳಿಗಿಂತ ಚಿಕ್ಕವನಾದ ತಮ್ಮ ಜೊಹೇಬ್, ಹಿಂದೆ ಬಿದ್ದು ಅವರ ವಾದ್ಯಗಳು, ಅಷ್ಟೇ. ಸಿನಿಮಾದ ಬೆನ್ನೇರದ ಹಾಡು ಎಂದರೆ ಭಜನೆ, ಗಜಲ್ ಅಥವಾ ಭಾವಗೀತೆ ಎಂದುಕೊಂಡಿದ್ದ ಕಾಲ ಅದು. ಇದು ಯಾವ ಜಾತಿಗೂ ಸೇರಲಿಲ್ಲ.

ನಮ್ಮ ಮನೆಗೆ ಅದು ಬಂದದ್ದು ಸೋದರಮಾವ ದುಬೈಯಿಂದ ತಂದ ನ್ಯಾಷನಲ್ ಪ್ಯಾನಸಾನಿಕ್ ಟೇಪ್ ರೆಕಾರ್ಡರಿನ ಜೊತೆಗೆ. ಮಾವ ತಂದದ್ದು ಯಂತ್ರ ಮಾತ್ರ. ಕ್ಯಾಸೆಟ್ಟಿಗೆ ನಾನು ಮತ್ತು ಅಕ್ಕ ಎರಡು ತಿಂಗಳು ಕಾಸು ಕೂಡಿಟ್ಟೆವು. ನನಗೆ ಆಗ ಹನ್ನೆರಡು, ಅಕ್ಕನಿಗೆ ಹದಿನಾರು ತುಂಬುತ್ತಿತ್ತು. ಮನೆಯಲ್ಲಿ ಮೊದಲ ಸಲ ಅದನ್ನು ಹಾಕಿದಾಗ ನಡೆದದ್ದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಪ್ರತಿಯೊಬ್ಬರೂ ಬೇರೆ ಬೇರೆ ಹಾಡು ಕೇಳಿದ ಹಾಗೆ ಮಾತಾಡಿದರು.

ಅಜ್ಜ ಚೌಡಯ್ಯನವರ ಪಿಟೀಲನ್ನು ಮೈಸೂರಿನ ರಾಮೋತ್ಸವದಲ್ಲಿ ಕೂತು ಕೇಳಿದ ಮನುಷ್ಯ. ಜಗಲಿಯಿಂದಲೇ, "ಪಾಪ, ಈ ಮಗುವಿಗೆ ಶೀತ ಆಗಿದೆಯೇನೋ. ಬಿಸಿನೀರಿಗೆ ನೀಲಗಿರಿ ಎಣ್ಣೆ ಹಾಕಿ ಹಬೆ ತಗೊಳ್ಳೋಕೆ ಹೇಳಿ" ಅಂದರು.

ಅಪ್ಪನಿಗೆ ಲತಾ ಎಂದರೆ ದೇವರು. "ಗಂಟಲು ಚೆನ್ನಾಗಿಲ್ಲ ಅಂತಲ್ಲ, ಗಂಟಲೇ ಇಲ್ಲ" ಎಂದು ಪೇಪರು ಮಡಿಸಿಟ್ಟರು.

ಪಕ್ಕದ ಮನೆಯ ಮೇಷ್ಟ್ರಿಗೆ ಬೇರೆಯೇ ಚಿಂತೆ. "ಅಲ್ಲಾ ರಾಯರೇ, ಅಕ್ಕ ತಮ್ಮ ಸೇರಿಕೊಂಡು ಪ್ರೇಮಗೀತೆ ಹಾಡೋದು ಅಂದ್ರೇನು?" ಈ ಆಕ್ಷೇಪ ನಮ್ಮ ಬೀದಿಯದ್ದು ಮಾತ್ರ ಎಂದು ಬಹಳ ಕಾಲ ಅಂದುಕೊಂಡಿದ್ದೆ. ಅವಳ ಸ್ವಂತ ದೇಶದಲ್ಲೂ ಹಾದಿ ಸುಲಭವಾಗಿರಲಿಲ್ಲ. ಅಲ್ಲಿ ಜನರಲ್ ಜಿಯಾ ಉಲ್ ಹಕ್ ಆಡಳಿತ ನಡೆಯುತ್ತಿದ್ದ ವರ್ಷಗಳು ಅವು. ಹುಡುಗಿಯೊಬ್ಬಳು ತಾಳಕ್ಕೆ ಮೈ ಕುಣಿಸುತ್ತ ಹಾಡುವುದನ್ನು ಅಲ್ಲಿನ ಹಿರಿಯರು ಮುಖ ಗಂಟಿಕ್ಕಿಕೊಂಡೇ ನೋಡುತ್ತಿದ್ದರು. ಎರಡು ದೇಶಗಳ ಹಿರಿಯರು ಒಂದಾದ ಅಪರೂಪದ ಸಂದರ್ಭ ಎನ್ನಬಹುದು.

ಅಮ್ಮ ಒಬ್ಬಳೇ ದನಿಯ ಬಗ್ಗೆ ಏನೂ ಹೇಳಲಿಲ್ಲ. ಹುರುಳಿಕಾಳು ಆರಿಸುತ್ತ ಪೂರ್ತಿ ಕೇಳಿ, "ಹದಿನಾರು ವರ್ಷ ಅಂತೀರಿ. ಸ್ಕೂಲಿಗೆ ಹೋಗ್ತಾಳೋ, ಬಿಟ್ಟುಬಿಟ್ಟಳೋ?" ಎಂದು ಕೇಳಿದಳು. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಅವಳು ಮತ್ತೆ ಕಾಳು ಆರಿಸತೊಡಗಿದಳು.

ಅಕ್ಕ ಮಾತ್ರ ಒಂದು ಮಾತೂ ಆಡದೆ, ಟೇಪ್ ರೆಕಾರ್ಡರಿನ ಪಕ್ಕ ಮಂಡಿಗೆ ಗಲ್ಲ ಊರಿ ಕೂತಿದ್ದಳು. ಅದಕ್ಕೆ ಕಾರಣವಿತ್ತು.

ಹಿಂದಿನ ವರ್ಷ ಶಾಲೆಗಳ ನಡುವಿನ ಗಾಯನ ಸ್ಪರ್ಧೆಯಲ್ಲಿ ಅಕ್ಕ ಒಂದು ದೇವರನಾಮ ಹಾಡಿದ್ದಳು. ಹಾಡು ಮುಗಿದ ಮೇಲೆ ತೀರ್ಪುಗಾರರಲ್ಲಿ ಒಬ್ಬರು, ಊರಿನಲ್ಲಿ ನಾಲ್ಕು ಜನಕ್ಕೆ ಪಾಠ ಹೇಳುತ್ತಿದ್ದ ಹಿರಿಯರು, ಮೈಕು ಹತ್ತಿರ ಎಳೆದುಕೊಂಡು ಹೇಳಿದರು: "ಮಗು, ದೇವರು ಹಾಡೋದಕ್ಕೆ ಬಾಯಿ ಕೊಟ್ಟಿದ್ದಾನೆ. ನೀನು ಮೂಗು ಯಾಕೆ ಉಪಯೋಗಿಸ್ತೀಯ?" ಇಡೀ ಹಾಲ್ ನಕ್ಕಿತು. ನಗು ಕೆಟ್ಟದ್ದಲ್ಲ, ಮದುವೆ ಮನೆಯಲ್ಲಿ ನಗುವ ಹಾಗೆಯೇ ನಕ್ಕರು. ಆದರೆ ಅಕ್ಕ ಮರುದಿನದಿಂದ ಸಂಗೀತದ ಪಾಠಕ್ಕೆ ಹೋಗಲಿಲ್ಲ. ತಲೆನೋವು ಅಂದಳು, ಪರೀಕ್ಷೆ ಅಂದಳು, ಕೊನೆಗೆ ಯಾರೂ ಕೇಳುವುದನ್ನೇ ಬಿಟ್ಟರು. ಪೂಜೆಯ ಹೊತ್ತಿನಲ್ಲಿ ಮಂಗಳಾರತಿ ಹಾಡಿಗೂ ತುಟಿ ಆಡಿಸುತ್ತಿದ್ದಳೇ ಹೊರತು ದನಿ ಹೊರಗೆ ಬರುತ್ತಿರಲಿಲ್ಲ. ಪಕ್ಕದಲ್ಲಿ ನಿಲ್ಲುತ್ತಿದ್ದ ನನಗೆ ಅದು ಗೊತ್ತಾಗುತ್ತಿತ್ತು.

ಈಗ ಪೆಟ್ಟಿಗೆಯೊಳಗಿನಿಂದ ಒಬ್ಬ ಹುಡುಗಿ, ಅವಳದೇ ವಯಸ್ಸಿನವಳು, ಅದೇ ಮೂಗಿನಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ ಹಾಡುತ್ತಿದ್ದಳು. ಊರೂರೇ ಅದನ್ನು ದುಡ್ಡು ಕೊಟ್ಟು ಕೇಳುತ್ತಿತ್ತು. ಎರಡು ದಿನದ ನಂತರ ಬಚ್ಚಲುಮನೆಯಿಂದ, ಹಂಡೆಗೆ ನೀರು ಬೀಳುವ ಸದ್ದಿನ ಜೊತೆ, 'ಆವೋ ನಾ' ಕೇಳಿಸಿತು. ಅಮ್ಮ ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟಳು. ನಾನು ಸದ್ದು ಮಾಡಲಿಲ್ಲ.

ಈ ಆಲ್ಬಮ್ಮಿನ ಮೇಲೆ ಬಲ್ಲವರು ಹೊರಿಸುತ್ತಿದ್ದ ದೂರುಗಳನ್ನು ಆಮೇಲೆ ಬೆಳೆಯುತ್ತ ಬೆಳೆಯುತ್ತ ಎಷ್ಟೋ ಕಡೆ ಕೇಳಿದ್ದೇನೆ, ಓದಿದ್ದೇನೆ. ಒಂದು ದೂರು ಪ್ರಶಸ್ತಿಯ ಬಗ್ಗೆ. 'ಆಪ್ ಜೈಸಾ ಕೋಯಿ' ಹಾಡಿಗೆ ಅವಳಿಗೆ ಫಿಲಂಫೇರ್ ಶ್ರೇಷ್ಠ ಗಾಯಕಿ ಪ್ರಶಸ್ತಿ ಬಂತು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅದನ್ನು ಪಡೆದವರು ಬೇರೆ ಯಾರೂ ಇರಲಿಲ್ಲ. ಅಪ್ಪ ಇದಕ್ಕೆ ಕೆರಳಿ, "ಲತಾ ಸ್ಪರ್ಧೆಯಲ್ಲಿ ಇದ್ದಿದ್ದರೆ ಗೊತ್ತಾಗುತ್ತಿತ್ತು" ಎನ್ನುತ್ತಿದ್ದರು. ಮಾತು ಒಂದು ಮಟ್ಟಿಗೆ ಸರಿ. ಹೊಸಬರಿಗೆ ದಾರಿಯಾಗಲಿ ಎಂದು ಲತಾ 1970ರ ಸುಮಾರಿಗೇ ಆ ಪ್ರಶಸ್ತಿ ನನಗೆ ಬೇಡ ಎಂದಿದ್ದರು. 1979ರ ನಂತರ ಆಶಾ ಭೋಸ್ಲೆ ಕೂಡ ಹಾಗೇ ಹಿಂದೆ ಸರಿದರು. ಆದರೆ ಹೊಸಬರಿಗೆ ಎಂದು ಬಿಟ್ಟುಕೊಟ್ಟ ಜಾಗಕ್ಕೆ ಹೊಸಬಳೊಬ್ಬಳು ಬಂದಾಗ ಯಾಕೆ ಬಂದೆ ಎಂದು ಕೇಳುವುದು ಯಾವ ನ್ಯಾಯ? ಇದನ್ನು ಅಪ್ಪನಿಗೆ ಹೇಳುವ ಧೈರ್ಯ ನನಗೆ ಬಂದಾಗ ಅವರಿಗೆ ಎಪ್ಪತ್ತಾಗಿತ್ತು. "ಇರಬಹುದು ಕಣೋ" ಅಂದು ರೇಡಿಯೋ ಜೋರು ಮಾಡಿದರು.

ಇನ್ನೊಂದು ದೂರು ಯಂತ್ರದ್ದು. ಇವಳು ಹಾಡಿದ್ದಲ್ಲ, ಲಂಡನ್ನಿನ ಸ್ಟುಡಿಯೋ ಹಾಡಿದ್ದು ಎನ್ನುತ್ತಿದ್ದರು. ಇದರಲ್ಲಿ ಹುರುಳಿದೆ. ಬಿದ್ದು ಅವಳ ದನಿಯನ್ನು ಒಂದರ ಮೇಲೊಂದು ಎರಡು ಸಲ ಧ್ವನಿಮುದ್ರಿಸುತ್ತಿದ್ದರು. ಒಂದೇ ಸಾಲನ್ನು ಒಂದೇ ಹುಡುಗಿ ಎರಡು ಬಾರಿ ಹಾಡಿದರೆ, ಎಷ್ಟೇ ಸರಿಯಾಗಿ ಹಾಡಿದರೂ ಕೂದಲೆಳೆಯಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಎರಡನ್ನೂ ಕೂಡಿಸಿ ಕೇಳಿದಾಗ ಆ ವ್ಯತ್ಯಾಸವೇ ದನಿಗೆ ಒಂದು ಮೈ ಕೊಡುತ್ತದೆ. ತೆಳ್ಳನೆಯ ದನಿ ದೊಡ್ಡ ಡೋಲುಗಳ ನಡುವೆ ಮುಳುಗದೆ ತೇಲಿದ್ದು ಹೀಗೆ. ಪುಟಾಣಿಗಳೇ, ನೀವೂ ನಿಮ್ಮ ಅಕ್ಕನೋ ತಮ್ಮನೋ ಸೇರಿ ಒಂದೇ ಸಾಲನ್ನು ಒಟ್ಟಿಗೆ ಹಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ ನೋಡಿ, ಆಮೇಲೆ ಒಬ್ಬರೇ ಹಾಡಿ ನೋಡಿ. ಮಾತಿಗಿಂತ ಕಿವಿಗೇ ಬೇಗ ಅರ್ಥವಾಗುತ್ತದೆ.

ಇದು ಮೋಸವೇ? ಅಜ್ಜ ಇವತ್ತು ಇದ್ದಿದ್ದರೆ ಅವರ ಆರಾಧ್ಯದೈವವನ್ನೇ ಎದುರು ನಿಲ್ಲಿಸುತ್ತಿದ್ದೆ. ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸುತ್ತಿಲ್ಲ ಎಂದು ಚೌಡಯ್ಯನವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡರಲ್ಲ? ಒಂದು ತಂತಿಯ ಜೊತೆಗೆ ಇನ್ನೊಂದು ನುಡಿದು ನಾದ ದಪ್ಪವಾಗಲಿ ಎಂದೇ ಅಲ್ಲವೇ? ಹೋಲಿಕೆ ಕೇಳಿ ಅಜ್ಜ ಊರುಗೋಲು ಎತ್ತುತ್ತಿದ್ದರು, ಅದು ಖಂಡಿತ. ಚೌಡಯ್ಯನವರ ಬೆರಳಿನ ವಿದ್ಯೆ ಬೇರೆ, ಈ ಹುಡುಗಿಯ ಹಾಡು ಬೇರೆ ಎಂದು ನನಗೂ ಗೊತ್ತು. ಉಪಾಯ ಮಾತ್ರ ಒಂದೇ ಕುಲದ್ದು.

ಮೂರನೆಯದು ಮೂಗಿನ ದೂರು. ಅದಕ್ಕೆ ನಾನು ಎದುರಾಡುವುದಿಲ್ಲ. ಅವಳ ದನಿ ಮೂಗಿನದೇ. ಆಲಾಪನೆಗೆ ಅದು ಆಗದು, ಮೂರು ಸ್ಥಾಯಿಯಲ್ಲಿ ಅದು ಓಡಾಡದು. 'ಡಿಸ್ಕೋ ದೀವಾನೆ' ಆಲ್ಬಮ್ಮಿನ ಎಲ್ಲ ಹಾಡುಗಳೂ ಒಂದೇ ತೂಕದವಲ್ಲ. ಕೆಲವನ್ನು ತಾಳವೇ ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತದೆ. ಆದರೆ 'ಲೇಕಿನ್ ಮೇರಾ ದಿಲ್' ಕೇಳಿ ನೋಡಿ. ಅದು ದುಃಖದ ಹಾಡು. ಸಿನಿಮಾದಲ್ಲಿ ಆಗಿದ್ದರೆ ಹದಿನಾರರ ನಾಯಕಿಗೆ ನಲವತ್ತು ದಾಟಿದ ಪಳಗಿದ ಕಂಠ ದುಃಖ ತುಂಬಿಕೊಡುತ್ತಿತ್ತು, ಬಿಕ್ಕುವ ಜಾಗದಲ್ಲಿ ಬಿಕ್ಕಿ, ನಡುಗುವ ಜಾಗದಲ್ಲಿ ನಡುಗಿ. ಇವಳಿಗೆ ಅದೇನೂ ಬರುವುದಿಲ್ಲ. ಬರುವಷ್ಟನ್ನು ನೇರವಾಗಿ ಹೇಳುತ್ತಾಳೆ, ಮನೆಯಲ್ಲಿ ಬೈಸಿಕೊಂಡ ಹುಡುಗಿ ಹಿತ್ತಿಲಲ್ಲಿ ನಿಂತು ಗೆಳತಿಯ ಹತ್ತಿರ ಹೇಳಿಕೊಂಡ ಹಾಗೆ. ಅಪ್ಪನಂಥವರು ಅಲ್ಲಿ ಲತಾ ಸಿಗಲಿಲ್ಲವೆಂದು ಎದ್ದು ಹೋದರು. ಅಕ್ಕನಂಥವರು ಕೂತರು. ದೊಡ್ಡವರಂತೆ ನಟಿಸದ ಹದಿಹರೆಯದ ದನಿಯನ್ನು ನಮ್ಮ ರೇಡಿಯೋ ಅಲ್ಲಿಯವರೆಗೆ ಎಷ್ಟು ಸಲ ಕೇಳಿಸಿತ್ತು?

ಹಾಗೆಂದು ಕೇಳುಗರೆಲ್ಲ ಇಷ್ಟೆಲ್ಲ ಯೋಚಿಸಿದರು ಎಂದಲ್ಲ. ನಮ್ಮ ಬೀದಿಯ ಹುಡುಗರಿಗೆ ಬೇಕಾದದ್ದು ಕುಣಿತ. ಅದೇ ವರ್ಷ ಶಂಕರ್‌ನಾಗ್ ಅವರ 'ಗೀತಾ' ಬಂದು 'ಸಂತೋಷಕ್ಕೆ' ಹಾಡು ಶುರುವಾದ ಕೂಡಲೇ ಅರ್ಧ ಬೀದಿ ನಾಜಿಯಾಳನ್ನು ಬಿಟ್ಟು ಅಲ್ಲಿಗೆ ಓಡಿತು. ಕನ್ನಡದಲ್ಲೇ ಡಿಸ್ಕೋ ಸಿಗುವಾಗ ಉರ್ದು ಯಾರಿಗೆ ಬೇಕು ಎಂದು ವಾದಿಸಿದವನು ಬಾಗಿಲಿನ ಬಣ್ಣ ಹೇಳಿದ್ದ ಅದೇ ಹುಡುಗ.

ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಲು ಬಹಳ ವರ್ಷ ಹಿಡಿಯಿತು. ನಾಜಿಯಾ ಓದು ಬಿಟ್ಟಿರಲಿಲ್ಲ. ಹಾಡುಗಳ ನಡುವೆಯೇ ಲಂಡನ್ನಿನಲ್ಲಿ ಓದಿದಳು, ಕಾನೂನು ಪದವಿ ಪಡೆದಳು, ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಕೆಲಕಾಲ ಕೆಲಸವನ್ನೂ ಮಾಡಿದಳು. ಇನ್ನೂ ಕೆಲವು ಆಲ್ಬಂಗಳನ್ನು ತಂದಳು, 1992ರ 'ಕ್ಯಾಮೆರಾ ಕ್ಯಾಮೆರಾ' ಕೊನೆಯದು. ಅವಳು ಹಾಡು ನಿಲ್ಲಿಸಿದ ಮೇಲೆಯೇ ನಮ್ಮಲ್ಲಿ ಸಿನಿಮಾ ಇಲ್ಲದ ಪಾಪ್ ಹಾಡುಗಳ ಮಳೆ ಸುರಿದದ್ದು. 1995ರಲ್ಲಿ ಅಲಿಶಾ ಚಿನಾಯ್ ಹಾಡಿದ 'ಮೇಡ್ ಇನ್ ಇಂಡಿಯಾ' ನೆನಪಿದೆಯಲ್ಲ, ಅದರ ಹಿಂದೆಯೂ ಇದ್ದವರು ಬಿದ್ದು.

2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ನಾಜಿಯಾ ತೀರಿಕೊಂಡಳು. ಶ್ವಾಸಕೋಶದ ಕ್ಯಾನ್ಸರ್. ವಯಸ್ಸು ಮೂವತ್ತೈದು. ಪೇಪರಿನಲ್ಲಿ ಸಣ್ಣದಾಗಿ ಬಂದಿತ್ತು. ಅಕ್ಕ ಆಗ ಅರಸೀಕೆರೆಯ ಹತ್ತಿರ ಪ್ರೈಮರಿ ಶಾಲೆಯ ಟೀಚರು. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದಾಗ ನಾನು ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನನಗಿಂತ ಎರಡೇ ತಿಂಗಳು ದೊಡ್ಡವಳು ಕಣೋ" ಅಂದಳು. ಅದನ್ನು ಅವಳು ಯಾವಾಗ ಲೆಕ್ಕ ಹಾಕಿ ಇಟ್ಟುಕೊಂಡಿದ್ದಳೋ ನನಗೆ ಗೊತ್ತಿಲ್ಲ.

ಅಮ್ಮನಿಗೂ ಹೇಳಿದೆ. "ಅವಳ ತಾಯಿ ಇದ್ದಾರಾ?" ಎಂದು ಕೇಳಿದಳು. ಇದ್ದಾರೆ ಅಂದೆ. ದೇವರ ಮನೆಯ ಕಡೆ ಎದ್ದು ಹೋದಳು.

ಅಕ್ಕ ಗಾಯಕಿಯಾಗಲಿಲ್ಲ. ಸಂಗೀತ ಪಾಠಕ್ಕೂ ಮತ್ತೆ ಹೋಗಲಿಲ್ಲ. ನಾಜಿಯಾ ಅವಳ ಬದುಕನ್ನೇ ಬದಲಿಸಿದಳು ಎಂದು ಬರೆದರೆ ಅಕ್ಕನೇ ನಗುತ್ತಾಳೆ. ಆದರೆ ಮೂವತ್ತು ವರ್ಷ ಒಂದನೇ ಎರಡನೇ ತರಗತಿಗೆ ಪಾಠ ಮಾಡಿದವಳು ಹಾಡದೆ ಒಂದು ದಿನವೂ ಕಳೆದಿಲ್ಲ. ಮಗ್ಗಿ, ಕಾಗುಣಿತ, ವಾರಗಳ ಹೆಸರು, ಎಲ್ಲಕ್ಕೂ ಅವಳದೇ ಧಾಟಿ. ಶಾಲೆಯ ಹಳೆಯ ಹುಡುಗರು ಈಗಲೂ ಸಂತೆಯಲ್ಲಿ ಸಿಕ್ಕರೆ ಹದಿಮೂರರ ಮಗ್ಗಿಯನ್ನು ಮೂಗಿನಲ್ಲೇ ಹಾಡಿ ತೋರಿಸುತ್ತಾರಂತೆ. ಅವಳ ದನಿ ಹಾಗಿರುವುದರಿಂದ ಮಗ್ಗಿಯೇ ಹಾಗೆ ಎಂದು ಅವರು ತಿಳಿದಿದ್ದಾರೆ.

2012ರಲ್ಲಿ 'ಸ್ಟೂಡೆಂಟ್ ಆಫ್ ದಿ ಇಯರ್' ಎಂಬ ಹಿಂದಿ ಚಿತ್ರ 'ಡಿಸ್ಕೋ ದೀವಾನೆ' ಹಾಡನ್ನು ಹೊಸ ಬಟ್ಟೆ ತೊಡಿಸಿ ತಂದಿತು. ನಮ್ಮ ಮನೆಯ ಮದುವೆಯೊಂದರಲ್ಲಿ ಮಕ್ಕಳು ಅದಕ್ಕೆ ಕುಣಿಯಲು ಅಭ್ಯಾಸ ಮಾಡುತ್ತಿದ್ದರು. ಆಗ ಒಂಬತ್ತನೇ ತರಗತಿಯಲ್ಲಿದ್ದ ನನ್ನ ಮಗಳು, "ಅಪ್ಪ, ಇದು ಹಳೇ ಹಾಡಾ? ಹಳೇದು ಹಾಕು" ಅಂದಳು. ಹಾಕಿದೆ. ಒಂದು ನಿಮಿಷ ಕೇಳಿ, "ದನಿ ಒಂಥರಾ ಇದೆ. ಆದರೆ ಇವಳು ನಮ್ಮ ಕ್ಲಾಸಿನವಳ ಹಾಗೆ ಇದ್ದಾಳೆ" ಅಂದಳು. ನಾನು ಇಷ್ಟು ಪುಟ ತೆಗೆದುಕೊಂಡು ಹೇಳುತ್ತಿರುವುದನ್ನು ಅವಳು ಮೆಹೆಂದಿ ಹಚ್ಚಿದ ಕೈ ಒಣಗಿಸುತ್ತಲೇ ಹೇಳಿ ಮುಗಿಸಿದ್ದಳು.

ಆ ಹಳೆಯ ಕ್ಯಾಸೆಟ್ ಈಗಲೂ ಅಕ್ಕನ ಬೀರುವಿನಲ್ಲಿದೆ. ಲೇಬಲ್ಲಿನ ನೀಲಿ ಇಂಕು ಅಳಿಸಿ 'ಹಾಸನ' ಮಾತ್ರ ಉಳಿದಿದೆ. 1982ರ ಬೇಸಿಗೆಯಲ್ಲಿ ಒಮ್ಮೆ ಟೇಪ್ ರೆಕಾರ್ಡರಿನ ಚಕ್ರಕ್ಕೆ ಸಿಕ್ಕಿ ಅದರ ರೀಲು ನುಗ್ಗಾಗಿತ್ತು. ನಾವಿಬ್ಬರೂ ಕೆಟ್ಟುಹೋದ ಎರಡು ಗೇಣನ್ನು ಕತ್ತರಿಸಿ, ಎರಡು ತುದಿಗೂ ಅಂಟಿನ ಟೇಪು ಹಚ್ಚಿ, ಪೆನ್ಸಿಲ್ ತೂರಿಸಿ ಸುತ್ತಿದ್ದೆವು. 'ಲೇಕಿನ್ ಮೇರಾ ದಿಲ್' ಹಾಡಿನ ಒಂದು ಅರ್ಧ ಸಾಲು ಅಲ್ಲಿಂದ ಹೋಗಿಬಿಟ್ಟಿತು. ಈಗ ಫೋನಿನಲ್ಲಿ ಪೂರ್ತಿ ಹಾಡು ಸಿಗುತ್ತದೆ, ಅಕ್ಕ ಎಷ್ಟೋ ಸಲ ಕೇಳಿಯೂ ಇದ್ದಾಳೆ. ಆದರೂ ಸೊಪ್ಪು ಬಿಡಿಸುತ್ತ ತನ್ನಷ್ಟಕ್ಕೆ ಹಾಡಿಕೊಳ್ಳುವಾಗ ಆ ಜಾಗಕ್ಕೆ ಬಂದ ಕೂಡಲೇ ಅರ್ಧ ಸಾಲು ಹಾರಿಸಿ ಮುಂದಕ್ಕೆ ಹೋಗುತ್ತಾಳೆ. ಕೇಳಿದರೆ, "ಅದು ಇರೋದೇ ಹಾಗೆ ಅಲ್ವೇನೋ?" ಅನ್ನುತ್ತಾಳೆ.